ಹೂವಿನ ಪೊಟ್ಟಣದ ದುಂಬಿ

ದಾದರಿನಲ್ಲಿ ದೇವರಿಗೆ ಸೇವಂತಿಗೆ ಕೊಂಡು ಮುಲುಂಡ್ ಕಡೆಯ ಲೋಕಲ್ ರೈಲು ಹತ್ತಿದ್ದೆ. ದೈವಕೃಪೆಯಿಂದ ಕೂರಲು ಜಾಗವೂ ಸಿಕ್ಕಿತ್ತು. ಅಷ್ಟರಲ್ಲಿ ಪೊಟ್ಟಣದೊಳಗಿಂದ ಹಸಿರು ದುಂಬಿಯೊಂದು ತಲೆ ಹೊರಗೆ ಹಾಕಿತು.

"ರಾಮ ರಾಮ, ಇದೆಲ್ಲಿಂದ ಬಂತು!" ಎಂದೆ.

ಎದುರಿಗೆ ಕೂತಿದ್ದವರು ಚೀಲದಿಂದ ಭೂತಗನ್ನಡಿ ತೆಗೆದೇಬಿಟ್ಟರು. "ಅಲ್ಲಾಡಬೇಡಿ ಮಾರಾಯ್ರೆ! ನಾನು ಕಾಲೇಜಿನಲ್ಲಿ ಹುಳಗಳ ಪಾಠ ಮಾಡುವವ. ಸಗಣಿ ಉರುಳಿಸುವ ಹುಳವಿದೆಯಲ್ಲ, ಅದರ ದಾಯಾದಿ ಇದು. ಕರಾವಳಿಯದ್ದೋ ಘಟ್ಟದ್ದೋ ನೋಡಬೇಕು."

"ಧಾರಾಳವಾಗಿ ನೋಡಿ."

ಅವರು ಘಾಟು ಮದ್ದಿನಲ್ಲಿ ಅದ್ದಿದ ಹತ್ತಿ ತುಂಬಿದ ಸೀಸೆಯೊಂದನ್ನು ಹೊರತೆಗೆದರು. "ಬೆನ್ನು ಎರಡಕ್ಕೂ ಒಂದೇ ಥರ. ಕೊಂದು, ಹೊಟ್ಟೆ ಬಿಚ್ಚಿದರೇ ಜಾತಿ ಗೊತ್ತಾಗುವುದು."

ನಾನು ಪೊಟ್ಟಣವನ್ನು ಎದೆಗವಚಿಕೊಂಡೆ. "ಏಕಾದಶಿ ದಿನ, ದೇವರ ಹೂವಿನಲ್ಲಿ ಬಂದ ಜೀವವನ್ನು ಕೊಲ್ಲಲು ಕೊಡಲಾರೆ ಸ್ವಾಮಿ. ಮಾರಾಯ್ರೆ ಅಂದ ಕೂಡಲೇ ನೀವು ಕರಾವಳಿಯವರು ಅಂತ ನನಗೆ ಗೊತ್ತಾಯಿತು. ಅದಕ್ಕೆ ನಿಮ್ಮ ಹೊಟ್ಟೆ ಬಿಚ್ಚಿದೆನೇ?"

ಅವರು ಜೋರಾಗಿ ನಕ್ಕರು. ಕನ್ನಡ ಬಾರದ ಅಕ್ಕಪಕ್ಕದವರೂ ನಕ್ಕರು. "ಇದು ಬಾಯಿ ಬಿಡುವುದಿಲ್ಲವಲ್ಲ ಮಾರಾಯ್ರೆ!" ಎನ್ನುತ್ತ ಸೀಸೆಯನ್ನು ಒಳಗಿಟ್ಟರು. ಘಾಟ್ಕೋಪರದಲ್ಲಿ ಇಳಿಯುವಾಗಲೂ ಆಸೆಗಣ್ಣಿನಿಂದ ಪೊಟ್ಟಣವನ್ನೇ ನೋಡುತ್ತಿದ್ದರು.

ಒಂದು ಜೀವ ಉಳಿಸಿದ ಪುಣ್ಯವನ್ನು ನೆನೆಯುತ್ತ ಮನೆಗೆ ಬಂದು ಪೊಟ್ಟಣ ಬಿಚ್ಚಿದೆ. ದುಂಬಿ ಸೇವಂತಿಗೆಯ ಎಸಳನ್ನೆಲ್ಲ ತಿಂದು ಎಂಜಲು ಮಾಡಿತ್ತು. ಸಂಜೆಯ ಪೂಜೆಗೆ ಬೆಳಗಿನ ತುಳಸಿಯೇ ಗತಿಯಾಯಿತು.

ರೈಲಿನ ಕತೆಯೆಲ್ಲ ಕೇಳಿ, ಕಿಟಕಿಯಿಂದ ದುಂಬಿಯನ್ನು ಹಾರಿಬಿಡುತ್ತ ನನ್ನ ಹೆಂಡತಿಯೇ ತೀರ್ಪು ಕೊಟ್ಟಳು: "ಕರಾವಳಿಯದ್ದೋ ಘಟ್ಟದ್ದೋ ನಾನು ಕಾಣೆ. ಏಕಾದಶಿ ಮಾಡುವ ಜಾತಿಯಂತೂ ಅಲ್ಲ."