ಎಂಬತ್ತು ವರ್ಷದ ಬಳ್ಳಿ

ಪರದೇಶದಲ್ಲಿ, ಲಿವೋನಿಯಾ ಊರಿನ ಅಣ್ಣನ ಮನೆಯಲ್ಲಿ ಆ ಶನಿವಾರ ಸಂಜೆ ಊಟಕ್ಕೆ ಕೂತವರು ಐದು ಜನ: ಅಪ್ಪ, ಅಣ್ಣ, ಅತ್ತಿಗೆ ಅಂದರೆ ನಮ್ಮ ವೈನಿ, ಅವರ ಮಗಳು, ಮತ್ತು ಶಾಮ್‌ಬರ್ಗಿನಿಂದ ಐದು ತಾಸು ಡ್ರೈವ್ ಮಾಡಿಕೊಂಡು ಬಂದಿದ್ದ ನಾನು. ಅವ್ವ ತೀರಿಕೊಂಡು ಏಳು ತಿಂಗಳಾಗಿತ್ತು. ಅಪ್ಪ ಆಗಿನಿಂದ ಅಣ್ಣನ ಹತ್ತಿರವೇ ಇದ್ದ.

ನಾನು ಸುಮ್ಮನೆ ಬಂದವಳಲ್ಲ. ವಿಜಯಪುರದ ಕಡೆ ನಮ್ಮದು ನಾಲ್ಕು ಎಕರೆ ದ್ರಾಕ್ಷಿ ತೋಟ, ನಮ್ಮ ಮಾತಿನಲ್ಲಿ ಪಡ. ಹತ್ತೊಂಬತ್ತು ವರ್ಷದ ಹಿಂದೆ ಕುಣಿ ತೋಡಿಸಿ ಕಾಡುದ್ರಾಕ್ಷಿಯ ಬೇರು ನೆಡಿಸಿದವನು ಅಪ್ಪ. ಅದಕ್ಕೆ ಕಸಿ ಕಟ್ಟಿದವಳು ಅವ್ವ. ಆಳುಗಳು ಕಟ್ಟಿದ ಕಸಿ ಅಲ್ಲೊಂದು ಇಲ್ಲೊಂದು ಒಣಗುತ್ತಿತ್ತು, ಅವ್ವ ಕಟ್ಟಿದ್ದು ಒಣಗುತ್ತಿರಲಿಲ್ಲ. ಹೀಗಾಗಿ ಕೊನೆಗೆ ಇಡೀ ಪಡಕ್ಕೆ ಅವಳೇ ಕೂತು ಕಟ್ಟಿದಳು. ನಮ್ಮ ಕಡೆ ಬಳ್ಳಿಗೆ ಹದಿನೈದು ವರ್ಷವಾದರೆ ಮುಪ್ಪಾಯಿತು ಎನ್ನುತ್ತಾರೆ. ಹಣ್ಣು ಕಡಿಮೆಯಾಗುತ್ತದೆ, ಕಿತ್ತು ಹೊಸದು ಹಚ್ಚುತ್ತಾರೆ. ಈಗ ಪಡ ನೋಡಿಕೊಳ್ಳುವ ಕಾಕಾನ ಮಗನೂ ಕೀಳಲೋ ಬೇಡವೋ ಎಂದು ಕೇಳುತ್ತಿದ್ದ. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟ್ನಿ ಶುರುವಾಗುವ ಮೊದಲು ಅವನ ದೊಡ್ಡಪ್ಪ, ಅಂದರೆ ನಮ್ಮಪ್ಪ, ಹೂಂ ಅನ್ನಬೇಕು, ಇಲ್ಲಾ ಬ್ಯಾಡ ಅನ್ನಬೇಕು. ಆ ಸಂಜೆ ಎಂಟಕ್ಕೆ ಅವನ ಫೋನು ಬರುವುದಿತ್ತು. ವಿಜಯಪುರದಲ್ಲಿ ಆಗ ಮರುದಿನದ ನಸುಕು.

ಅವ್ವ ಕಸಿ ಕಟ್ಟಿದ ಬಳ್ಳಿ ಕೀಳುವುದು ಬ್ಯಾಡ ಎಂದು ಅಪ್ಪನ ಬಾಯಿಂದ ಬರಬೇಕು. ನನಗೆ ಬೇಕಿದ್ದದ್ದು ಅಷ್ಟೇ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ದಾರಿಯಲ್ಲಿ ಕಲಮಜೂ ಊರು ದಾಟುವಾಗ ಅವ್ವನ ನೆನಪಿಗೆ ಅಳು ಬಂದೀತೇನೋ ಎಂದು ಕಾದೆ, ಬರಲಿಲ್ಲ. ಏಳು ತಿಂಗಳೂ ಹಾಗೇ ಕಳೆದಿದ್ದವು. ಜೋಮು ಹಿಡಿದ ಕಾಲನ್ನು ಚಿವುಟಿ ನೋಡುತ್ತೇವಲ್ಲ, ಹಾಗೆ ನನ್ನನ್ನು ನಾನು ಆಗಾಗ ಚಿವುಟಿಕೊಳ್ಳುತ್ತಿದ್ದೆ.

ರೊಟ್ಟಿ ಬಡಿಸುವಷ್ಟರಲ್ಲಿ ಅಣ್ಣನ ಮಗಳು ಒಂದು ಬಾಟಲಿ ತಂದು ಅಜ್ಜನ ತಾಟಿನ ಪಕ್ಕ ಇಟ್ಟಳು. ಕಾಲೇಜಿನ ಕಡೆಯಿಂದ ನಾಲ್ಕು ತಿಂಗಳು ಸ್ಪೇನಿನಲ್ಲಿ ಓದಿ ಬಂದಿದ್ದ ಹುಡುಗಿ. ಅಜ್ಜ ದ್ರಾಕ್ಷಿಯವನು, ಅಲ್ಲಿಂದ ದ್ರಾಕ್ಷಿಯದೇ ಏನಾದರೂ ಒಯ್ಯಬೇಕು ಎಂದು ಕೆಂಪು ವೈನ್ ತಂದಿದ್ದಳು. ಶೆರೆ ಕುಡಿದು ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದ ಅಜ್ಜ ಇವನು ಎಂದು ಅವಳಿಗೆ ಹೇಳಿದವರು ಯಾರು?

ಅಣ್ಣನ ಕಿವಿ ಕೆಂಪಾಯಿತು. "ಏ, ಅಜ್ಜಗ ಶೆರೆ ತಂದ್ ಕೊಡ್ತಾರೇನ ಯಾರರ?"

"ಡ್ಯಾಡ್, ಇಟ್ಸ್ ಜಸ್ಟ್ ಗ್ರೇಪ್ಸ್."

"ದ್ರಾಕ್ಷಾರಿಷ್ಟ ಅಂತ ತಿಳಕೋರಿ ಮಾವಾರ," ಎಂದಳು ವೈನಿ. "ಊಟ ಆದಮ್ಯಾಲ ಎರಡ ಚಮಚ. ನಿಮ್ಮ ಮಗಾ ಬೇಸ್‌ಮೆಂಟಿನ್ಯಾಗ ಅದನ್ನ ಗ್ಲಾಸ್‌ಗಟ್ಟಲೆ ತಗೋತಾರ."

ಅಣ್ಣ ತಾಟು ನೋಡತೊಡಗಿದ. ಅಪ್ಪ ಬಾಟಲಿಯನ್ನು ಮೊಮ್ಮಗಳ ಕಡೆ ಸರಿಸಿದ. "ತಗಿ, ನೋಡೂನು," ಎಂದ. ಅವಳು ಬೂಚು ಬಿಚ್ಚಿ ಕೊಟ್ಟಳು. ಅಪ್ಪ ಬೂಚನ್ನು ಮೂಗಿನ ಹತ್ತಿರ ಹಿಡಿದು, "ಕಟಿಗಿ ವಾಸನಿ ಐತಿ," ಎಂದ.

ಎರಡು ವರ್ಷ ಓಕ್ ಮರದ ಪೀಪಾಯಿಯಲ್ಲಿ ಇಟ್ಟಿರುತ್ತಾರೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿದೆ. ಅದೇ ನೆವದಲ್ಲಿ ಅವಳಿಗೆ, "ಬಳ್ಳಿ ಎಷ್ಟು ವರ್ಷದ್ದು ಅಂತ ಅಜ್ಜಗ ಹೇಳು," ಎಂದೆ. ಬರುವಾಗ ಫೋನಿನಲ್ಲಿ ಅವಳೇ ನನಗೆ ಹೇಳಿದ್ದಳು. ನನ್ನ ಮಾತನ್ನು ಆ ಬಾಟಲಿ ಆಡಲಿ ಎಂದುಕೊಂಡಿದ್ದೆ.

"ಎಂಬತ್ತು, ಅಜ್ಜ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವಳು ಫೋನಿನಲ್ಲಿ ಚಿತ್ರ ತೋರಿಸಿದಳು. ಕಲ್ಲುನೆಲದಲ್ಲಿ ಮೊಣಕಾಲೆತ್ತರದ ಬೊಡ್ಡೆಗಳು, ಒಂದಕ್ಕೊಂದು ದೂರ ದೂರ. ಅಪ್ಪ ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಮಾಡಿ ನೋಡಿದ.

"ತಂತಿ ಇಲ್ಲ, ಚಪ್ಪರ ಇಲ್ಲ. ಒಂದ ಗಿಡಕ್ಕ ಎಷ್ಟ ಬರ್ತೈತಂತ?"

ಅವಳು ಎರಡು ಮುಷ್ಟಿ ತೋರಿಸಿದಳು.

"ಮತ್ಯಾಕ ಇಟ್ಕೊಂಡಾರ?"

"ಹಳೇ ಬಳ್ಳೀದು ಹಣ್ಣು ಕಡಿಮಿ, ರುಚಿ ಭಾಳಂತ ಅಪ್ಪಾ," ಎಂದೆ ನಾನು. "ಬೇರು ಆಳಕ್ಕ ಇಳದಿರ್ತಾವಂತ. ಅವರು ಕೀಳಂಗಿಲ್ಲಂತ."

ಅಪ್ಪ ನನ್ನ ಮುಖ ನೋಡಿದ. ನಾನು ಯಾಕೆ ಹೇಳುತ್ತಿದ್ದೇನೆ ಎಂಬುದು ಅವನಿಗೆ ತಿಳಿಯಿತು. ತಿಳಿಯದೆ ಇರುತ್ತದೆಯೇ? ಬಾಟಲಿಯ ಬಾಯಿಗೆ ಕಿರುಬೆರಳು ಹಚ್ಚಿ ನಾಲಿಗೆಗೆ ಮುಟ್ಟಿಸಿಕೊಂಡ.

"ಒಗರ ಐತಿ. ನಿಮ್ಮವ್ವಗ ಸೇರತಿದ್ದಿಲ್ಲ ಇದು."

ಫೋನು ಬಂತು. ಅಣ್ಣ ಸ್ಪೀಕರ್ ಹಚ್ಚಿದ. ಆ ಕಡೆಯಿಂದ ಕಾಕಾನ ಮಗ, "ದೊಡ್ಡಪ್ಪಾರ, ಏನ್ ಮಾಡೂನ್ರಿ?" ಎಂದ.

"ತಗಿ," ಎಂದ ಅಪ್ಪ. "ಬೇರ ಸಮೇತ ತಗಿ."

"ವಿಚಾರ ಮಾಡ್ರಿ, ಇನ್ನೂ ನಾಕ ದಿನ..."

"ಅಲ್ಲಿ ಎಂಬತ್ತು ವರ್ಷ ಇಟ್ಟಾರಂದ್ರ ದಿನಾ ಸಾಲಿನ್ಯಾಗ ಅಡ್ಡಾಡವ್ರು ಯಾರೋ ಅದಾರ. ನಮ್ಮ ಪಡದಾಗ ಅಡ್ಡಾಡಾಕಿ ಹೋದ್ಲು. ನಾ ಇಲ್ಲಿ ಕುಂತೀನಿ. ನೀ ಹೊಟ್ಟಿಗೆ ಬೆಳಕೋಬೇಕು. ತಗಿ."

ಈಗ ಏನಾದರೂ ಆಡಬೇಕಿತ್ತು. ಐದು ತಾಸು ಜೋಡಿಸಿದ ಮಾತು ಬಿಟ್ಟು ರೊಟ್ಟಿ ಮುರಿದೆ. ಬೇಸರವೂ ಆಗಲಿಲ್ಲ. ಬದನೆಕಾಯಿ ಪಲ್ಯದ ಮೇಲೆ ಎಣ್ಣೆ ಕೆನೆಗಟ್ಟುತ್ತಿರುವುದು ಕಾಣಿಸುತ್ತಿತ್ತು. ವೈನಿ ನನಗೆ ಸ್ಟೀಲ್ ಲೋಟದಲ್ಲಿ ನಾಲ್ಕು ಬೆರಳು ವೈನ್ ಹಾಕಿಕೊಟ್ಟಳು. ಅಪ್ಪನ ಎದುರಿಗೇ ಕುಡಿದೆ, ಜೀವನದಲ್ಲಿ ಮೊದಲ ಸಲ. ನೇರಳೆಹಣ್ಣು ತಿಂದ ಹಾಗೆ ನಾಲಿಗೆ ಒರಟಾಯಿತು. ಅಪ್ಪ ಬೈಯಲಿಲ್ಲ. "ಮಸರ ಹಾಕ್ಕೋ ತಂಗಿ," ಎಂದ.

ಅಕ್ಟೋಬರಿನ ಮೊದಲ ವಾರ ಜೆಸಿಬಿ ತಂದು ನಾಲ್ಕು ಎಕರೆಯನ್ನೂ ಒಂದೇ ದಿನದಲ್ಲಿ ಕಿತ್ತರು. ಕಾಕಾನ ಮಗ ಕಳಿಸಿದ ವಿಡಿಯೋವನ್ನು ಬೆಳಿಗ್ಗೆ ಆಫೀಸಿನ ಪಾರ್ಕಿಂಗ್‌ನಲ್ಲಿ ಕೂತು ನೋಡಿ, ಅಪ್ಪನಿಗೆ ಫೋನ್ ಮಾಡಿದೆ.

"ಮುಗೀತಂತ ಅಪ್ಪಾ."

"ಹೂಂ, ನೋಡೀನಿ. ನಿಮ್ಮ ಕಡೆ ಥಂಡಿ ಬಿದ್ದೈತೇನು?"

"ಬಿದ್ದೈತಿ. ಫ್ಯಾರನ್‌ಹೀಟಿನ್ಯಾಗ ನಲವತ್ತು ಐತಿ."

"ಇಲ್ಲೂ ಅಷ್ಟ," ಎಂದ ಅಪ್ಪ. ಆಮೇಲೆ ನಾನು ಕಾರಿನಿಂದ ಇಳಿದು ಒಂಬತ್ತು ಗಂಟೆಯ ಮೀಟಿಂಗಿಗೆ ಹೋದೆ.