ಜೀವ ಕರೆತರುವ ಕೆಸಾರಿಯಾ

ಕೆಸಾರಿಯಾ ತನ್ನ ಚುನಿರಿಯನ್ನು ಕರಿಬಟ್ಟೆಯಲ್ಲಿ ಸುತ್ತಿಕೊಂಡು ಹೊರಬಿದ್ದಳೆಂದರೆ ತಾಯಂದಿರು ಮಕ್ಕಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಚರ್ಮ ಬಿಗಿದ ಮೈ, ಕುದುರೆ ಬಾಲದ ಕೂದಲಿನ ತಂತಿ, ಒಂದು ಕಮಾನು. ಅಷ್ಟೇ ಆ ವಾದ್ಯ. ಮದುವೆಗೆ ಅದನ್ನು ಯಾರೂ ಕರೆಯುತ್ತಿರಲಿಲ್ಲ. ನಮ್ಮ ಸ್ವಾನೇತಿಯ ಬೆಟ್ಟಗಳಲ್ಲಿ, ಮನೆಯಿಂದ ದೂರ ಸತ್ತವರ ಜೀವ ಸತ್ತಲ್ಲೇ ಕೂತಿರುತ್ತದೆ. ಅಲ್ಲಿಗೆ ಹುಂಜವನ್ನು ಒಯ್ದು, ಚುನಿರಿ ನುಡಿಸಿ, ಹಾಡಿ ಕರೆಯಬೇಕು. ಹುಂಜ ಕೂಗಿದರೆ ಜೀವ ಬಂತೆಂದು ಅರ್ಥ. ಆಮೇಲೆ ನುಡಿಸುತ್ತಲೇ ಮನೆಗೆ ಕರೆತರಬೇಕು. ಗಂಡನಿಲ್ಲದ, ಮಕ್ಕಳಿಲ್ಲದ ಕೆಸಾರಿಯಾ ಈ ಕೆಲಸದಲ್ಲೇ ಮುದುಕಿಯಾದಳು. ಹುಂಜ ಹಿಡಿಯಲು ಪಕ್ಕದ ಮನೆಯ ನನ್ನನ್ನು ಕರೆಯುತ್ತಿದ್ದಳು.

ಆ ಚಳಿಗಾಲ ಗುಲ್ಕಾನಳ ಕಿರಿಮಗ ಮುಶ್ನಿ ಸೌದೆಗೆ ಹೋದಾಗ ಹಿಮ ಕುಸಿದು ಸತ್ತ. ಹೆಣ ತಂದು ಹೂತರು. ಜೀವ ತರುವುದು ಉಳಿದಿತ್ತು. ಹೊರಡಬೇಕೆಂದ ಬೆಳಿಗ್ಗೆ ಚುನಿರಿಯ ತಂತಿಗಳು ಎಷ್ಟು ಬಿಗಿದರೂ ಸಡಿಲವಾಗುತ್ತಲೇ ಇದ್ದವು.

"ಗಾಳೀಲಿ ನೀರಿದೆ. ಮೇಲೆ ಹಿಮ ನೆನೆದಿರುತ್ತೆ. ಇವತ್ತು ಬೇಡಪ್ಪ," ಎಂದಳು ಕೆಸಾರಿಯಾ.

ಮುಶ್ನಿಯ ಅಣ್ಣ ಬಿಮುರ್ಜಾ ರೇಗಿದ. "ಅಮ್ಮ ಒಂದು ತುತ್ತು ಮುಟ್ತಿಲ್ಲ ಅತ್ತೆ. ನಿಂಗೆ ಹೆದರಿಕೆ ಆದ್ರೆ ವಾದ್ಯ ಕೊಡು, ನಾನೇ ಉಜ್ತೀನಿ."

"ನೀನು ಉಜ್ಜಿದ್ರೆ ನಿನ್ನ ತಮ್ಮ ಇನ್ನೂ ದೂರ ಓಡ್ತಾನೆ," ಎಂದು ಗೊಣಗಿಕೊಂಡು ಎದ್ದಳು.

ಮೂವರೂ ಹತ್ತಿದೆವು. ಮುಶ್ನಿ ಸತ್ತ ಇಳಿಜಾರಿನಲ್ಲಿ ಕೂತು ಕೆಸಾರಿಯಾ ನುಡಿಸಿದಳು. "ಬಾರೋ ಮುಶ್ನಿ, ಒಲೆ ಉರೀತಿದೆ, ಅಮ್ಮ ಕಾಯ್ತಿದ್ದಾಳೆ" ಎಂದು ಹಾಡಿದಳು. ನನ್ನ ಕಂಕುಳಲ್ಲಿದ್ದ ಹುಂಜ ನಡುಗುತ್ತಿತ್ತೇ ಹೊರತು ಕೂಗಲಿಲ್ಲ. ಆಗ ಹಿಮದೊಳಗೆಲ್ಲೋ ಧಸಕ್ಕೆಂದು ಸದ್ದಾಯಿತು. ಯಾರೋ ಭಾರವಾಗಿ ಕುಕ್ಕರಿಸಿದ ಹಾಗೆ.

"ಏಳು," ಎಂದಳು ಕೆಸಾರಿಯಾ.

"ಹುಂಜ ಕೂಗೋವರೆಗೂ ನಾನು ಏಳಲ್ಲ." ಬಿಮುರ್ಜಾ ಮುಖ ಮುಚ್ಚಿಕೊಂಡು ಅಳುತ್ತಿದ್ದ.

"ಕೂಗ್ತಲ್ಲೋ! ನಿನ್ನ ಅಳುವಲ್ಲಿ ಎಲ್ಲಿ ಕೇಳುತ್ತೆ? ತಮ್ಮ ಬಂದ, ನಡಿ. ಹಿಂದೆ ತಿರುಗಬೇಡ."

ಹುಂಜ ಕೂಗಿರಲಿಲ್ಲ. ನಾವು ಮರಗಳ ಸಾಲು ಮುಟ್ಟುವಷ್ಟರಲ್ಲಿ ಬೆನ್ನ ಹಿಂದೆ ಇಡೀ ಇಳಿಜಾರು ಕಳಚಿ ಬಿತ್ತು.

ಗುಲ್ಕಾನ್ ಬಾಗಿಲು ಹಾರುಹೊಡೆದು, ಮಾಂಸ ತುಂಬಿದ ರೊಟ್ಟಿ ಬಡಿಸಿ, "ಬಂದ್ಯಾ ಕಂದಾ" ಎಂದು ಅತ್ತಳು. ಅವಳೂ ಉಂಡಳು. ಕೆಸಾರಿಯಾ ಏನೂ ಮುಟ್ಟಲಿಲ್ಲ.

ವಸಂತದಲ್ಲಿ ಗುಲ್ಕಾನ್ ಕೆಸಾರಿಯಾಗೂ ನನಗೂ ಸಿಕ್ಕಳು. "ಮಗ ಬಂದಿದ್ದಾನೆ ಕಣೇ. ಮಾತೇ ಇಲ್ಲ. ಬಾಗಿಲ ಹಿಂದೇನೇ ನಿಂತಿರ್ತಾನೆ. ಒಲೆ ಹತ್ರ ಬಾ ಅಂದ್ರೆ ಬರಲ್ಲ."

ಅವಳು ಹೋದ ಮೇಲೆ ಕೆಸಾರಿಯಾ ನನ್ನ ಕೈ ಹಿಡಿದುಕೊಂಡಳು. "ಅವತ್ತು ನಮ್ಮ ಹಿಂದೆ ಯಾರು ಬಂದ್ರೇ?"

ಹಿಮ ಕರಗಿದ ಮೇಲೆ ನಾವಿಬ್ಬರೇ ಹತ್ತಿದೆವು. ಕಮಾನು ತಂತಿಗೆ ತಾಗಿದ್ದೇ ತಡ, ಹುಂಜ ಕೂಗಿತು. ನುಡಿಸುತ್ತ ಇಳಿದೆವು. ಗುಲ್ಕಾನ್ ಬಾಗಿಲಿಗೆ ಕೈ ಅಡ್ಡವಿಟ್ಟು ನಿಂತಳು.

"ಇದ್ಯಾರನ್ನ ತಂದೆ?"

"ನಿನ್ನ ಮಗನ್ನ. ಅವತ್ತು ಹುಂಜ ಕೂಗಿರ್ಲಿಲ್ಲ ಗುಲ್ಕಾನ್. ನಾನು ಸುಳ್ಳು ಹೇಳ್ದೆ."

"ನನ್ನ ಮಗ ಒಳಗಿದ್ದಾನೆ."

ಅಗುಳಿ ಬಿತ್ತು. ಒಳಗೆ ಅವಳು ಮೆಲ್ಲಗೆ, "ಯಾರೂ ಇಲ್ಲಪ್ಪ, ನೀನು ನಿಂತ್ಕೋ" ಎನ್ನುವುದು ಕೇಳಿಸಿತು.

ಕೆಸಾರಿಯಾ ನುಡಿಸುವುದನ್ನು ನಿಲ್ಲಿಸದೆ ತನ್ನ ಮನೆ ಕಡೆ ತಿರುಗಿದಳು. ಅಂದಿನಿಂದ ಒಲೆಯ ಬಳಿ ಇನ್ನೊಂದು ತಟ್ಟೆ ಇಡತೊಡಗಿದಳು. ಯಾರು ಕರೆದರೂ ಮತ್ತೆ ಬೆಟ್ಟ ಹತ್ತಲಿಲ್ಲ. ಬಿಮುರ್ಜಾ ಹೆಂಡತಿಯನ್ನು ಕಟ್ಟಿಕೊಂಡು ಹೊಳೆಯಾಚೆಯ ಮಾವನ ಮನೆ ಸೇರಿದ. ಗುಲ್ಕಾನ್ ಮಾತ್ರ ಅಲ್ಲೇ ಇದ್ದಾಳೆ. ಬಾಗಿಲು ತಟ್ಟಿದರೆ ಒಳಗಿನಿಂದ ಯಾರೋ ಅದನ್ನು ಒತ್ತಿ ಹಿಡಿಯುತ್ತಾರೆ.