ಶನಿವಾರದ ಗೋಡೆ

ನನ್ನ ತಂಗಿಯ ಗಂಡನನ್ನು ಬೀದಿಯವರೆಲ್ಲ ಪೇಂಟರ್ ಎಂದೇ ಕರೆಯುತ್ತಾರೆ. ಅವರು ಏಣಿ ಹತ್ತಿ ಗೋಡೆಯ ಮೇಲೆ ಜಾಹೀರಾತು ಬರೆಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಇರುವುದು ಮನೆಯ ಮುಂಭಾಗದ ಒಂದು ಸಣ್ಣ ಅಂಗಡಿ. ವಾಹನಗಳ ನಂಬರ್ ಪ್ಲೇಟು, ಬಾಗಿಲಿಗೆ ಹೆಸರಿನ ಫಲಕ, ಗಾಜಿಗೆ ಅಂಟಿಸುವ 'ತಳ್ಳಿ', 'ಎಳೆಯಿರಿ' ಸ್ಟಿಕ್ಕರುಗಳು ಅಲ್ಲಿ ಸಿಗುತ್ತವೆ. ಬಣ್ಣ ಅವರ ಉಗುರಿನಿಂದ ಹೋಯಿತು, ಬೀದಿಯ ಬಾಯಿಂದ ಹೋಗಲಿಲ್ಲ.

ಪ್ರತಿ ಶನಿವಾರ ಸಂಜೆ ಪೇಂಟರ್ ಅಂಗಡಿಯ ಷಟರನ್ನು ಅರ್ಧ ಇಳಿಸಿ, ಸ್ಟೂಲಿನ ಮೇಲೆ ಕುಳಿತು, ಪರಿಚಯದವರಿಗೆಲ್ಲ ಕಳಿಸಲು ಫೋನಿನಲ್ಲಿ ಒಂದು ಸಂದೇಶ ಸಿದ್ಧಪಡಿಸುತ್ತಾರೆ. ಮೇಲೆ 'ಶನಿವಾರದ ಗೋಡೆ' ಎಂಬ ತಲೆಬರಹ. ಕೆಳಗೆ ವಾರವಿಡೀ ತಾವು ಓದಿದ, ನೋಡಿದ ಸಂಗತಿಗಳ ಐದು ಲಿಂಕುಗಳು. ರಾಜಕೀಯದ್ದು ಒಂದೆರಡು, ಜಾಹೀರಾತಿನದು ಒಂದೆರಡು, ಉಳಿದದ್ದು ಸಿನಿಮಾದ್ದೋ ಹಾಡಿನದ್ದೋ. ಕೊನೆಯವರೆಗೆ ನೋಡದೆ ಯಾವುದನ್ನೂ ಹಾಕುವುದಿಲ್ಲ. ಪ್ರತಿಯೊಂದರ ಕೆಳಗೂ ತಮ್ಮದೊಂದು ವಾಕ್ಯವಿರಬೇಕು, ಆ ವಾಕ್ಯದಲ್ಲಿ ಬೈಗುಳವಿರಬಾರದು. ಇವು ಅವರೇ ಹಾಕಿಕೊಂಡ ಕಟ್ಟುಪಾಡು.

ಕಳಿಸುವ ಮೊದಲು ಕರಡು ನನ್ನ ಕೈಗೆ ಬರುತ್ತದೆ. ನಾನು ಮಹಡಿಯ ಮೇಲಿನ ಕೋಣೆಯಲ್ಲಿ ಇರುವವಳು. ಹಗಲು ದುಡಿದು ಸಂಜೆಶಾಲೆಯಲ್ಲಿ ಅಕ್ಷರ ಕಲಿತವಳು. ಹಾಗೆ ಕಲಿತದ್ದನ್ನು ಯಾರೇ ಕೆಡಿಸಿ ಬರೆದರೂ ನನಗೆ ಸಹಿಸಲಾಗದು ಎಂಬುದನ್ನು ಪೇಂಟರ್ ಬಲ್ಲರು.

ಅವರ ಕುತೂಹಲಕ್ಕೆ ದಣಿವೆಂಬುದಿಲ್ಲ. ಬೇರೆಯವರು ಜಾಹೀರಾತು ಬಂದಾಗ ಎದ್ದು ನೀರು ಕುಡಿಯಲು ಹೋಗುತ್ತಾರೆ. ಇವರು ನೀರು ಕುಡಿಯುತ್ತಿದ್ದರೆ ಜಾಹೀರಾತಿಗಾಗಿ ಓಡಿ ಬರುತ್ತಾರೆ. 'ಇದನ್ನ ಯಾರಪ್ಪಾ ಯೋಚ್ನೆ ಮಾಡಿದ್ದು?' ಎನ್ನುವುದು ಅವರು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಬಿಸ್ಕತ್ತಿನ ಜಾಹೀರಾತಿನಲ್ಲಿ ಕಿಲಕಿಲ ನಗುವ ಮಗುವಿನ ದನಿ ಮೊಮ್ಮಕ್ಕಳನ್ನು ಕಂಡ ಹೆಂಗಸೊಬ್ಬರದು ಎಂದು ತಿಳಿದ ದಿನ, ಅವರು ಊಟದ ತಟ್ಟೆಯ ಮುಂದೆ ಕುಳಿತು ಆ ನಗುವನ್ನು ಮತ್ತೆ ಮತ್ತೆ ಕೇಳಿದರು. ಸಾರು ಆರಿತು, ತಂಗಿ ಬಿಸಿಯಾದಳು.

ಒಂದು ಶನಿವಾರದ ಮಾತು. ನಾನು ಕೆಳಗಿಳಿದು ಬರುವಷ್ಟರಲ್ಲಿ ಪೇಂಟರ್ ಫೋನನ್ನು ನನ್ನ ಮೂಗಿನವರೆಗೆ ತಂದರು.

"ಅಕ್ಕಾ, ಈ ಮೂರು ಬ್ಯಾನರ್ ನೋಡಿ. ಮೂರೂ ಬೇರೆ ಬೇರೆ ಪಕ್ಷದ್ದು. ಮೂವರೂ ಕೈ ಬೀಸ್ತಾ ಇದಾರೆ. ವಾಚ್ ನೋಡಿ, ವಾಚ್!"

"ವಾಚಿಗೇನಾಗಿದೆ?"

"ಮೂರರಲ್ಲೂ ಹತ್ತು ಗಂಟೆ ಹತ್ತು ನಿಮಿಷ. ಕೈಯೂ ಒಂದೇ, ಶರ್ಟೂ ಒಂದೇ. ತಲೆ ಮಾತ್ರ ಬೇರೆ. ಪ್ರಿಂಟ್ ಮಾಡೋನ ಹತ್ರ ಇರೋದು ಒಂದೇ ಮೈ, ಅಕ್ಕ!"

ಅದರ ಪಕ್ಕದಲ್ಲೇ, ಜಾಹೀರಾತಿನ ಗಡಿಯಾರಗಳು ಸಾಮಾನ್ಯವಾಗಿ ಅದೇ ಹೊತ್ತನ್ನು ಏಕೆ ತೋರಿಸುತ್ತವೆ ಎಂಬ ಲೇಖನವನ್ನೂ ಅವರು ಹುಡುಕಿ ಇಟ್ಟಿದ್ದರು. ಮುಳ್ಳುಗಳು ಹಾಗೆ ನಿಂತರೆ ಗಡಿಯಾರ ನಕ್ಕ ಹಾಗೆ ಕಾಣುತ್ತದೆ, ಕಂಪನಿಯ ಹೆಸರೂ ಮುಚ್ಚಿಹೋಗುವುದಿಲ್ಲ.

ಒಳಗಿನಿಂದ ತಂಗಿಯ ದನಿ ಬಂತು. "ಅಂದ್ರೆ ಎಲ್ರೂ ಒಂದೇ ಟೈಮಿಗೆ ಸುಳ್ಳು ಹೇಳ್ತಾರೆ ಅಂತಾಯ್ತು."

"ಏ, ಅದನ್ನೆಲ್ಲ ಬರೀಬಾರ್ದು ಕಣೇ. ಬೈಗುಳ ಆಗತ್ತೆ."

"ನಾನೇನು ಬರೀರಿ ಅಂದ್ನಾ? ಈರುಳ್ಳಿ ಹೆಚ್ತಾ ಬಾಯಿಗೆ ಬಂದಿದ್ದು ಅಂದೆ."

ಈ ಗೋಡೆಯಲ್ಲಿ ನನಗೆ ಬಹುಕಾಲ ಅರ್ಥವಾಗದಿದ್ದದ್ದು ಮೂರನೆಯ ಲಿಂಕು. ಪೇಂಟರ್ ತಮ್ಮ ಪಕ್ಷವನ್ನು ಬಿಟ್ಟುಕೊಟ್ಟವರಲ್ಲ. ಆದರೂ ಮೂರನೆಯ ಜಾಗದಲ್ಲಿ ವಾರವಾರವೂ ಎದುರು ಪಕ್ಷದ ಭಾಷಣವೋ, ಆ ಪಕ್ಷವನ್ನು ಮೆಚ್ಚಿದ ಬರಹವೋ ಇರುತ್ತಿತ್ತು. ಅದನ್ನು ಆರಿಸಲು ಅವರು ಉಳಿದ ನಾಲ್ಕಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಕೇಳಿದರೆ, "ನ್ಯಾಯ ಬೇಡ್ವಾ ಅಕ್ಕ?" ಎಂದು ನಕ್ಕುಬಿಡುತ್ತಿದ್ದರು.

ನಿಜವನ್ನು ಹೇಳಿದವಳು ತಂಗಿ. "ನ್ಯಾಯವೂ ಇಲ್ಲ, ಮಣ್ಣೂ ಇಲ್ಲ. ಅದು ಅವರಣ್ಣನಿಗೆ. ಮೊದಮೊದ್ಲು ಅವರೊಬ್ರಿಗೇ ಕಳಿಸ್ತಿದ್ರು. ಒಬ್ರಿಗೇ ಕಳಿಸಿದ್ರೆ ಬೇಡಿದ ಹಾಗಾಗತ್ತೆ, ಊರಿಗೆಲ್ಲ ಕಳಿಸಿದ್ರೆ ಹಂಚಿದ ಹಾಗಾಗತ್ತೆ ಅಂತ ಆಮೇಲೆ ಎಲ್ರನ್ನೂ ಸೇರಿಸಿದ್ರು."

ಅಣ್ಣತಮ್ಮಂದಿರ ತಂದೆಯೂ ಗೋಡೆ ಬರೆಯುವವರೇ ಆಗಿದ್ದರು. ಸಾಬೂನು, ಸಿನಿಮಾ, ಚುನಾವಣೆಯ ಚಿಹ್ನೆ, ಎಲ್ಲವೂ ಒಂದೇ ಕೈಯಿಂದ, ಒಂದೇ ಏಣಿಯ ಮೇಲಿನಿಂದ. ಆ ಕಸುಬಿನಲ್ಲಿ ಒಂದು ನಡಾವಳಿಯಿತ್ತು. ಗೋಡೆಯೊಂದನ್ನು ಯಾರಾದರೂ ಹಿಡಿದರೆ, ಅದರ ಕೆಳಮೂಲೆಯಲ್ಲಿ 'ಬುಕ್' ಎಂದು ಬರೆದು, ತಮ್ಮ ಗುರುತು ಹಾಕಿ, ಯಾವ ತಿಂಗಳವರೆಗೆ ಎಂದು ನಮೂದಿಸುತ್ತಿದ್ದರು. ಆ ತಿಂಗಳು ಕಳೆಯುವವರೆಗೆ ಬೇರೆ ಯಾವ ಪೇಂಟರನೂ ಆ ಗೋಡೆಗೆ ಕುಂಚ ತಾಕಿಸುವಂತಿರಲಿಲ್ಲ. ಬರವಣಿಗೆಯ ಕರಾರಿಲ್ಲ, ಸಾಕ್ಷಿಯಿಲ್ಲ, ಆದರೂ ಮೀರಿದವನಿಗೆ ಕಸುಬಿನವರ ನಡುವೆ ಮುಖವಿರುತ್ತಿರಲಿಲ್ಲ. ತಂದೆಯ ಗುರುತು ಒಂದು ಪುಟ್ಟ ಏಣಿಯ ಚಿತ್ರ. ಅವರ ತರುವಾಯ ಅದು ಅಣ್ಣನಿಗೆ ಬಂತು.

ಎರಡು ಚುನಾವಣೆಗಳ ಹಿಂದೆ ಅಣ್ಣ ಒಂದು ಪಕ್ಷಕ್ಕೆ ಬರೆಯುತ್ತಿದ್ದರು, ತಮ್ಮ ಇನ್ನೊಂದಕ್ಕೆ. ಊರಿನ ದೊಡ್ಡ ಗೋಡೆಯೆಂದರೆ ಹಿಟ್ಟಿನ ಗಿರಣಿಯದು. ಅದರ ಮೂಲೆಯಲ್ಲಿ ಅಣ್ಣನ ಏಣಿಯ ಗುರುತು ಬಿದ್ದಿತ್ತು. ಅಣ್ಣ ಬಣ್ಣ ತರಲು ಹೋದ ಹಗಲಿನಲ್ಲೇ ಪೇಂಟರ್ ಅದಕ್ಕೆ ಸುಣ್ಣ ಬಳಿದು, ತಮ್ಮ ಪಕ್ಷದ ಚಿಹ್ನೆಯನ್ನು ಆಳೆತ್ತರಕ್ಕೆ ಬರೆದುಬಿಟ್ಟರು. ಅದಕ್ಕೆ ಅವರಿಗೆ ಯಾರೂ ಕಾಸು ಕೊಟ್ಟಿರಲಿಲ್ಲ. ಅದು ಬರಿಯ ಪಕ್ಷದ ಹುರುಪು. ಅಣ್ಣ ಎರಡೂ ಕೈಯಲ್ಲಿ ಡಬ್ಬ ಹಿಡಿದು ಬಂದು ನಿಂತರು. "ಏಣಿ ಕಾಣ್ಲಿಲ್ವಾ ನಿಂಗೆ?" ಎಂದಷ್ಟೇ ಕೇಳಿದರು. ಆಮೇಲೆ ಬೇರೆ ಊರಿಗೆ ಹೋಗಿ ನೆಲೆಸಿದರು. ಮುಂದಿನ ಚುನಾವಣೆಯಲ್ಲಿ ಆ ಎರಡು ಪಕ್ಷಗಳೂ ಕೈ ಕೈ ಹಿಡಿದು ಒಂದೇ ವೇದಿಕೆ ಹತ್ತಿದವು. ಅಣ್ಣತಮ್ಮಂದಿರು ಹತ್ತಲಿಲ್ಲ.

ಹೀಗಾಗಿ ಪ್ರತಿ ಶನಿವಾರ ಗೋಡೆ ಕಳಿಸಿದ ಮೇಲೆ ಪೇಂಟರ್ ನೋಡುತ್ತಿದ್ದದ್ದು ಒಂದೇ ಹೆಸರಿನ ಮುಂದಿನ ಎರಡು ಗೀಟುಗಳನ್ನು. ಅವು ನೀಲಿಯಾಗುತ್ತಿದ್ದವು, ಅಂದರೆ ಅಣ್ಣ ಓದುತ್ತಿದ್ದರು. ಮಾತು ಮಾತ್ರ ಬರುತ್ತಿರಲಿಲ್ಲ. ಪೇಂಟರಿಗೆ ಬೇಕಾಗಿದ್ದದ್ದು ಆ ಒಂದು ಮಾತು. ಬೈದರೂ ಸರಿ, ಬರಲಿ ಎಂದು ಕಾಯುತ್ತಿದ್ದರು.

ಬಂದದ್ದು ಒಂದು ತಪ್ಪಿನಿಂದ.

ಆ ವಾರ ಅವರು ಹಳೆಯ ಗೋಡೆ ಜಾಹೀರಾತುಗಳ ಚಿತ್ರಸಂಗ್ರಹವೊಂದನ್ನು ಹಾಕಿದ್ದರು. ಬಿಸಿಲಿಗೆ ಮೇಲಿನ ಬಣ್ಣ ಉದುರಿ, ಬ್ಯಾಂಕಿನ ಜಾಹೀರಾತಿನ ಅಡಿಯಿಂದ ಅದಕ್ಕೂ ಹಳೆಯ ಸೋಡಾದ ಸೀಸೆಯೊಂದು ಇಣುಕುವ ಬಗೆಯ ಚಿತ್ರಗಳು. ಕೆಳಗೆ ಪೇಂಟರ್ ಬರೆದ ವಾಕ್ಯ ಇದು: 'ನಮ್ಮ ತಂದೆಯವರು ಗಿರಣಿಯ ಗೋಡೆಯ ಮೇಲೆ ಹಲ್ಲುಪುಡಿಯ ಜಾಹೀರಾತು ಬರೆದಿದ್ದರು, ಅದರಲ್ಲಿ ಹಲ್ಲು ಬಿದ್ದು ನಗುವ ಹುಡುಗನ ಚಿತ್ರ ನನ್ನನ್ನು ನೋಡಿ ಬರೆದದ್ದು.' ನಾನು ಒಂದು ಒತ್ತಕ್ಷರ ತಿದ್ದಿ ಹಿಂದಿರುಗಿಸಿದೆ. ಹಲ್ಲು ಯಾರದೆಂದು ತಿದ್ದುವ ಅಧಿಕಾರ ನನಗಿರಲಿಲ್ಲ.

ಕಳಿಸಿ ಷಟರ್ ಪೂರ್ತಿ ಇಳಿಸುವ ಮೊದಲೇ ಫೋನು ಗುಟುರು ಹಾಕಿತು. ಪೇಂಟರ್ ನೋಡಿದರು. ನೋಡಿದವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ತಂಗಿ ಸೌಟು ಹಿಡಿದೇ ಹೊರಗೆ ಬಂದಳು. "ಏನ್ರೀ? ಯಾರಿಗೇನಾಯ್ತು?"

ಫೋನಿನಲ್ಲಿ ಮೂರೇ ಪದಗಳಿದ್ದವು. 'ಆ ಹಲ್ಲು ನಂದು.'

ತಂಗಿ ಓದಿದಳು, ನಾನೂ ಓದಿದೆ. ಅಷ್ಟರಲ್ಲಿ ಇನ್ನೊಂದು ಬಂತು. 'ಆವಾಗ ನೀನು ತೊಟ್ಟಿಲಲ್ಲಿದ್ದೆ. ನಿನಗೆ ಹಲ್ಲೇ ಹುಟ್ಟಿರಲಿಲ್ಲ, ಬೀಳೋದೆಲ್ಲಿಂದ ಬಂತು?'

"ಹೌದಲ್ಲ!" ಎಂದರು ಪೇಂಟರ್. "ಅಪ್ಪ ಸುಮ್ನೆ ನನ್ನ ಸಮಾಧಾನಕ್ಕೆ 'ಅದು ನೀನೇ ಕಣೋ' ಅಂತಿದ್ರು. ನಾನು ಇಷ್ಟು ವರ್ಷ ನಂಬ್ಕೊಂಡೇ ಇದ್ದೆ!" ಅಷ್ಟು ಖುಷಿಯಿಂದ ತನ್ನ ತಪ್ಪನ್ನು ಒಪ್ಪಿಕೊಂಡ ಮನುಷ್ಯನನ್ನು ನಾನು ಕಂಡಿಲ್ಲ. ಕೂಡಲೇ ಅಣ್ಣನಿಗೆ ಫೋನು ಮಾಡಿದರು. ಅಣ್ಣ ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ಇಬ್ಬರ ನಡುವಿನ ಬಾಗಿಲು ಒಂದು ಬೆರಳಿನಷ್ಟು ತೆರೆದು ಹಾಗೆಯೇ ನಿಂತಿತ್ತು.

ಆ ವಾರವೆಲ್ಲ ಪೇಂಟರ್ ಸುಮ್ಮನೆ ಕೂರಲಿಲ್ಲ. ಒಬ್ಬ ಗಿರಾಕಿಯ ನಂಬರ್ ಪ್ಲೇಟನ್ನು ತಲೆಕೆಳಗಾಗಿ ಅಂಟಿಸಿ ಬೈಸಿಕೊಂಡರು. ಮುಂದಿನ ಶನಿವಾರದ ಕರಡು ನನ್ನ ಕೈಗೆ ಬಂದಾಗ ಕಾರಣ ತಿಳಿಯಿತು. ಅದರಲ್ಲಿ ಎಳ್ಳಷ್ಟೂ ನಿಜವಿರಲಿಲ್ಲ. ಹಳೆಯ ಚಿತ್ರವೊಂದರ ನಾಯಕಿಯ ಹೆಸರು ತಪ್ಪು, ಚುನಾವಣೆಯ ವರ್ಷ ತಪ್ಪು, ತಂದೆಯ ಮೊದಲ ಸೈಕಲ್ಲಿನ ಬಣ್ಣ ಕೂಡ ತಪ್ಪು.

"ಇದೇನಿದು?"

"ತಪ್ಪು ಕಂಡ್ರೆ ಅಣ್ಣ ಸುಮ್ನಿರಲ್ಲ ಅಕ್ಕ. ಐದು ತಪ್ಪಿಗೆ ಐದು ಉತ್ತರ ಬರತ್ತೆ."

"ಗಾಳಕ್ಕೆ ಹುಳ ಸಿಕ್ಕಿಸಿದ ಹಾಗೆ."

"ಹಾಗಂದ್ಕೊಳ್ಳಿ."

"ಹಾಗಾದ್ರೆ ಇದನ್ನ ತಿದ್ದೋ ಕೆಲ್ಸ ನನಗೆ ಕೊಡಬೇಡಿ. ತಿಳೀದೆ ಮಾಡಿದ್ದು ತಪ್ಪು, ತಿಳಿದು ಬರೆದ್ರೆ ಮೋಸ. ನಿಮ್ಮಣ್ಣ ಮೀನಲ್ಲ."

ತಂಗಿ ನನ್ನ ಪರ ವಹಿಸುವುದು ಅಪರೂಪ. ಅಂದು ವಹಿಸಿದಳು. "ಅಕ್ಕ ಹೇಳೋದು ಸರಿ ರೀ. ಹಲ್ಲಿಂದು ತಿದ್ದಿ ಹಾಕಿ ಮೊದ್ಲು. ಪೇಪರ್‌ನೋರು ಹಾಕಲ್ವಾ, ಹೋದ ವಾರ ತಪ್ಪಾಗಿತ್ತು ಅಂತ?"

"ಅಷ್ಟೇ ಹಾಕಿದ್ರೆ ಸಾಕಾ?" ಎಂದರು ಪೇಂಟರ್. ಪ್ರಶ್ನೆ ನಮ್ಮಿಬ್ಬರಿಗೂ ಆಗಿರಲಿಲ್ಲ.

"ಹಾಕೋದಾದ್ರೆ ನೇರವಾಗಿ ಹಾಕಿ," ಎಂದೆ. "ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬೇಡ."

ಅವರು ಕರಡನ್ನು ಅಳಿಸಿ ಹೊಸದಾಗಿ ಬರೆಯತೊಡಗಿದರು. ಅಂಗಡಿಗೆ ಬಂದವರನ್ನು "ನಾಳೆ ಬನ್ನಿ" ಎಂದು ಕಳಿಸಿದರು. ಆ ಶನಿವಾರದ ಗೋಡೆಯಲ್ಲಿ ಲಿಂಕುಗಳೇ ಇರಲಿಲ್ಲ. ಇದ್ದದ್ದು ಇಷ್ಟು:

'ತಿದ್ದುಪಡಿ. ಹೋದ ವಾರ ಬರೆದ ಹಲ್ಲುಪುಡಿಯ ಹುಡುಗ ನಾನಲ್ಲ, ನನ್ನ ಅಣ್ಣ. ಆ ಹಲ್ಲು ಅವನದು. ಎರಡನೆಯ ತಿದ್ದುಪಡಿ. ಅದೇ ಗಿರಣಿಯ ಗೋಡೆಯ ಮೂಲೆಯಲ್ಲಿ ಅಣ್ಣನ ಏಣಿ ಇತ್ತು. ನನಗೆ ಕಂಡಿತ್ತು. ಕಂಡೂ ಸುಣ್ಣ ಬಳಿದೆ. ಆ ಗೋಡೆಯೂ ಅವನದು.'

ಅದನ್ನು ಅವರು ಅಣ್ಣನೊಬ್ಬನಿಗೇ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಹಾಲಿನವನಿಗೂ, ಎದುರು ಮನೆಯ ಔಷಧಿ ಅಂಗಡಿಯವರಿಗೂ, ತಮ್ಮ ಪಕ್ಷದ ಗೆಳೆಯರಿಗೂ ಕಳಿಸಿದರು. ನಾಲ್ಕು ಜನ ನೋಡುವಂತೆ ಅಳಿಸಿದ್ದನ್ನು ನಾಲ್ಕು ಜನ ನೋಡುವಂತೆಯೇ ಬರೆಯಬೇಕು ಎಂಬುದು ಗೋಡೆ ಕಸುಬಿನವರ ಲೆಕ್ಕ. ಅದರಲ್ಲಿ ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ. ತಿದ್ದುವಂಥದ್ದು ಇರಲಿಲ್ಲ.

ಗೀಟುಗಳು ನೀಲಿಯಾದವು. ಉತ್ತರ ಬರಲಿಲ್ಲ. ಭಾನುವಾರ ಔಷಧಿ ಅಂಗಡಿಯವರು ಬಾಗಿಲಲ್ಲಿ ನಿಂತು, "ಏನ್ ಪೇಂಟರೇ, ಈ ಸಲ ಬರೀ ಸ್ವಂತ ಸುದ್ದಿ?" ಎಂದರು. "ಚೆನ್ನಾಗಿರ್ಲಿಲ್ವಾ ಸಾರ್?" ಎಂದು ಇವರು ಕೇಳಿದರು. "ಅದನ್ನ ಹಾಗೇ ನನ್ನ ತಮ್ಮನಿಗೆ ಕಳಿಸ್ದೆ," ಎಂದು ಅವರು ಹೇಳಿ, ತಾವು ಮಾಡಿಸಿದ್ದ ಫಲಕವನ್ನು ಒಯ್ಯುವುದನ್ನೇ ಮರೆತು ಹೋದರು.

ವಾರದ ನಡುವೆ ಒಂದು ಮಧ್ಯಾಹ್ನ ನಾವು ಮೂವರೂ ಊಟಕ್ಕೆ ಕುಳಿತಿದ್ದಾಗ ಫೋನು ಮತ್ತೆ ಗುಟುರು ಹಾಕಿತು. ಅಣ್ಣನ ಫೋಟೋ ಬಂದಿತ್ತು. ಬಾಯಿ ಅಗಲವಾಗಿ ತೆರೆದು, ಬೊಚ್ಚು ಬಾಯಿಯಲ್ಲಿ ನಗುತ್ತಿದ್ದರು. ಕೆಳಗೆ, 'ಈಗ ಬರೆಯೋದಾದರೆ ಬಿಳಿ ಬಣ್ಣ ಉಳಿಯತ್ತೆ.'

ತಂಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಹಲ್ಲುಪುಡಿ ಮಾರಿದ ಬಾಯಿ ನೋಡ್ರೀ! ಆ ಕಂಪನಿ ಇನ್ನೂ ಇದ್ರೆ ಇವರನ್ನ ಕಂಡು ಮುಚ್ಕೊಂಡು ಹೋಗತ್ತೆ."

ಪೇಂಟರ್ ನಗಲಿಲ್ಲ. ಫೋಟೋದ ಹಿಂದೆಯೇ ಬಂದಿದ್ದ ಇನ್ನೊಂದು ಸಂದೇಶವನ್ನು ಅವರು ನೋಡುತ್ತಿದ್ದರು. ಆಮೇಲೆ ಎಂಜಲು ಕೈಯನ್ನು ಹಿಂದಕ್ಕಿಟ್ಟುಕೊಂಡು, ಎಡಗೈಯಲ್ಲಿ ಫೋನನ್ನು ನಮ್ಮ ಕಡೆ ತಿರುಗಿಸಿದರು. ಕಾಗದದ ಮೇಲೆ ಕುಂಚದಿಂದ ಬರೆದು ತೆಗೆದ ಚಿತ್ರ ಅದು. ಮೂಲೆಯಲ್ಲಿ ಒಂದು ಪುಟ್ಟ ಏಣಿ. ಅದರ ಪಕ್ಕದಲ್ಲಿ, 'ಮೂರನೆಯ ಜಾಗ. ಬುಕ್. ಶನಿವಾರದವರೆಗೆ. ನೀನು ಹಾಕ್ತಿರೋದೆಲ್ಲ ನಮ್ಮ ಪಕ್ಷದ ಕೆಟ್ಟ ಭಾಷಣಗಳು. ಒಳ್ಳೇದು ನಾನು ಕಳಿಸ್ತೀನಿ.'

ಆ ವಾರ ಪೇಂಟರ್ ನನಗೆ ಕೊಟ್ಟ ಕರಡಿನಲ್ಲಿ ಒಂದು, ಎರಡು, ನಾಲ್ಕು, ಐದು ಇದ್ದವು. ಮೂರರ ಮುಂದೆ ಖಾಲಿ. ಷಟರ್ ಇಳಿಸುವ ಹೊತ್ತಾಯಿತು, ಅಣ್ಣನ ಲಿಂಕು ಬಂದಿರಲಿಲ್ಲ.

"ತಡವಾಗತ್ತೆ. ಸದ್ಯಕ್ಕೆ ಏನಾದ್ರೂ ತುಂಬಿಸಿ ಕಳಿಸಿಬಿಡಿ," ಎಂದಳು ತಂಗಿ.

ಪೇಂಟರ್ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು. "ಏಣಿ ಬಿದ್ದಿದೆ ಕಣೇ," ಎಂದು ಹೇಳಿ, ಸ್ಟೂಲಿನ ಮೇಲೆ ಕಾಲು ಮಡಿಚಿ ಕುಳಿತರು.